ಡಬ್ಬಿ ಬಂತು, ನೋಡಿಕೊಳ್ಳುವವರು ಬರಲಿಲ್ಲ

(ರಾಯಚೂರು ನಗರದಲ್ಲಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಹಳ್ಳಿಗಳಲ್ಲಿ ಸರ್ಕಾರದ ವೈಫೈ ಯಾಕೆ ನಡೆಯುತ್ತಿಲ್ಲ ಎಂಬ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ನನಗೆ ಹೇಳಿದ್ದಾರೆ. ನಾನು ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಅಚ್ಚಿನ ಕೆಲಸಕ್ಕೆ ಇಳಿದವನು. ಆದರೆ ಮದುವೆ ಕಾರ್ಡು, ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕುವ ನನ್ನಂಥವನ ಕೆಲಸವೂ ಇವತ್ತು ನೆಟ್ಟಿನ ಮೇಲೆ ನಿಂತಿದೆ. ದೇವದುರ್ಗದ ಕಡೆಯ ಹಳ್ಳಿಯ ಗಿರಾಕಿಗೆ ಪ್ರೂಫ್ ಕಳಿಸಿದರೆ "ಯಣ್ಣಾ, ನೆಟ್ ಬರವಲ್ದು, ನಾಳಿ ಸಂತಿಗೆ ಹೋದಾಗ ನೋಡಿ ಹೇಳ್ತೀನಿ" ಎಂಬ ಉತ್ತರ ಬರುತ್ತದೆ. ಮದುವೆ ಕಾರ್ಡು ಒಂದು ದಿನ ತಡವಾದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಅದೇ ಹಳ್ಳಿಯಲ್ಲಿ ರೇಷನ್ನಿನ ಹೆಬ್ಬೆಟ್ಟು, ವಿದ್ಯಾರ್ಥಿವೇತನದ ಅರ್ಜಿ, ಪಹಣಿ, ಪಿಂಚಣಿ ಎಲ್ಲವೂ ಅದೇ "ನೆಟ್ ಬರವಲ್ದು" ಎಂಬ ಒಂದು ಮಾತಿಗೆ ಸಿಕ್ಕಿ ನಿಂತಿವೆ. ಅದಕ್ಕಾಗಿ ಇಲ್ಲಿ ನಿಂತಿದ್ದೇನೆ.

ಕನ್ನಡ ಚಳವಳಿಗೂ ವೈಫೈಗೂ ಏನಪ್ಪಾ ಸಂಬಂಧ ಎಂದು ಕೆಲವರು ಕೇಳಬಹುದು. ಇದೆ ಬಂಧುಗಳೇ. ಬಹಳ ಹತ್ತಿರದ ಸಂಬಂಧ ಇದೆ. ನಮ್ಮ ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಾಗ ಕಚೇರಿಯ ಭಾಷೆ ಉರ್ದು. ಕನ್ನಡ ಮಾತಾಡುವ ರೈತ ಒಂದು ಅರ್ಜಿ ಕೊಡಬೇಕಾದರೂ ಆ ಭಾಷೆ ಬಲ್ಲವರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅಂಥ ಕಾಲದಲ್ಲೇ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇದೇ ಊರಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಹಿರಿಯರ ಮಕ್ಕಳು ನಾವು. 1948ರಲ್ಲಿ ನಿಜಾಮ ಹೋದ, 1956ರಲ್ಲಿ ರಾಜ್ಯ ಒಂದಾಯಿತು, 1963ರಲ್ಲಿ ಕನ್ನಡ ಆಡಳಿತ ಭಾಷೆ ಎಂದು ಕಾಯ್ದೆಯೂ ಆಯಿತು. ಈಗ ಆಡಳಿತವೇ ಕಚೇರಿ ಬಿಟ್ಟು ನೆಟ್ಟಿಗೆ ಹೋಗಿ ಕೂತಿದೆ. ನೆಟ್ಟಿನ ಬಾಗಿಲು ನಮ್ಮ ಹಳ್ಳಿಯಲ್ಲಿ ತೆರೆಯದಿದ್ದರೆ, ತೆರೆದರೂ ಅಲ್ಲಿ ಕನ್ನಡ ಇಲ್ಲದಿದ್ದರೆ, ರೈತ ಮತ್ತೆ ಯಾರದೋ ಮುಂದೆ ಕೈಕಟ್ಟಿ ನಿಲ್ಲಬೇಕು. ಇದು ಕನ್ನಡದ ಪ್ರಶ್ನೆ ಅಲ್ಲದೆ ಮತ್ತೇನು?

ಈ ಹಣ ಯಾರದು?

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಸರ್ಕಾರ ಹಳ್ಳಿಗೆ ಪುಕ್ಕಟೆ ವೈಫೈ ಕೊಡುತ್ತಿದೆ, ಪುಕ್ಕಟೆ ಮಾಲು ಕೆಟ್ಟರೆ ಕೇಳುವ ಹಕ್ಕು ನಮಗೆಲ್ಲಿದೆ ಎಂದು ನಮ್ಮವರೇ ಹೇಳುತ್ತಾರೆ. ಇದು ಪುಕ್ಕಟೆ ಅಲ್ಲ. ಫೋನ್ ಕಂಪನಿಗಳು ತಮ್ಮ ವರಮಾನದಲ್ಲಿ ನೂರಕ್ಕೆ 5 ರೂಪಾಯಿಯನ್ನು ಒಂದು ನಿಧಿಗೆ ಕಟ್ಟುತ್ತವೆ. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಎಂದು 2002ರಲ್ಲಿ ಶುರುವಾದ ಇದಕ್ಕೆ, 2023ರ ಹೊಸ ದೂರಸಂಪರ್ಕ ಕಾಯ್ದೆಯಾದ ಮೇಲೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಾಗಿದೆ. ಕಂಪನಿಗಳಿಗೆ ವರಮಾನ ಎಲ್ಲಿಂದ ಬಂತು? ನಮ್ಮ ನಿಮ್ಮ ರೀಚಾರ್ಜಿನಿಂದ. ಕೂಲಿಗೆ ಹೋಗುವ ತಾಯಿ ಮಗಳ ಫೋನಿಗೆ ಹಾಕಿಸುವ ರೀಚಾರ್ಜಿನಲ್ಲೂ ಆ ಪಾಲು ಇದೆ. ಹಣ ಮುಂಗಡ ಕೊಟ್ಟು ಮಾಲು ಬಾರದೆ ಕೂತ ಗಿರಾಕಿಗಳು ನಾವು.

ಈ ನಿಧಿಯಿಂದಲೇ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಮುಗಿಸುತ್ತೇವೆ ಎಂದರು. ಮೊದಲ ಹಂತದ 1 ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್ ಆಗಿತ್ತು. ಅಷ್ಟರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೊಸ ಹೆಸರೂ ಬಂದಿತ್ತು. ನಮ್ಮ ಹಳ್ಳಿಯ ಪಂಚಾಯಿತಿ ಗೋಡೆಯ ಮೇಲೆ ಕಾಣುವ ವೈಫೈ ಡಬ್ಬಿಗೆ ನೆಟ್ ಬರಬೇಕಾದದ್ದು ಈ ತಂತಿಯಿಂದ. ಡಬ್ಬಿ ಬಾಯಿ, ತಂತಿ ಗಂಟಲು. ಗಂಟಲು ಕಟ್ಟಿದರೆ ಬಾಯಿ ಏನು ಮಾತಾಡೀತು?

ಒಂದು ಕಡೆ ಕಡಿದರೆ ಎಲ್ಲಾ ಕಡೆ ಕತ್ತಲು

ತಂತಿ ಯಾಕೆ ಕಡಿಯುತ್ತದೆ? ನೀವೇ ನೋಡಿದ್ದೀರಿ. ತಾಲೂಕು ಊರಿನ ಎಕ್ಸ್‌ಚೇಂಜಿನಿಂದ ಹೊರಟ ಫೈಬರ್ ರಸ್ತೆಯ ಮಗ್ಗುಲಲ್ಲೇ ನೆಲದೊಳಗೆ ಹೋಗುತ್ತದೆ. ಅದೇ ಮಗ್ಗುಲಲ್ಲಿ ರಸ್ತೆ ಅಗಲ ಮಾಡುವವರು ಜೆಸಿಬಿ ತರುತ್ತಾರೆ. 2019ರಿಂದ ಮನೆಮನೆಗೆ ನಲ್ಲಿ ಕೊಡುವ ಜಲಜೀವನ ಯೋಜನೆಯ ಪೈಪಿಗೆ ಅಗೆದರು. ಕಾಲುವೆ ಕೆಲಸಕ್ಕೆ ಅಗೆದರು. ಒಂದು ಇಲಾಖೆ ಹೂಳುತ್ತದೆ, ಇನ್ನೊಂದು ಇಲಾಖೆ ಕೀಳುತ್ತದೆ. ಇವರಿಗೆ ಅವರ ಫೋನ್ ನಂಬರ್ ಗೊತ್ತಿಲ್ಲ, ಅವರಿಗೆ ಇವರ ನಕ್ಷೆ ಗೊತ್ತಿಲ್ಲ. ಮೇಲಿಂದ ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಕಟ್ಟಿದ ಮನೆಯ ಗೋಡೆಯನ್ನೇ ಸೀಳುವ ಮಣ್ಣು ಇದು. ಕಡಿಮೆ ಆಳದಲ್ಲಿ ಹೂತ ತಂತಿಯನ್ನು ಬಿಟ್ಟೀತೆ?

ಅದಕ್ಕಿಂತ ದೊಡ್ಡ ದೋಷ ಜೋಡಣೆಯಲ್ಲಿತ್ತು. ಮೊದಲು ಎಳೆದ ತಂತಿ ಹೂಮಾಲೆಯ ದಾರದಂತೆ, ಒಂದು ತುದಿಯಿಂದ ಶುರುವಾಗಿ ಒಂದೊಂದೇ ಪಂಚಾಯಿತಿ ಮುಟ್ಟುತ್ತಾ ಹೋಗುತ್ತಿತ್ತು. ನಡುವೆ ಒಂದು ಕಡೆ ಕಡಿದರೆ ಅದರ ಮುಂದಿನ ಊರುಗಳೆಲ್ಲಾ ಒಟ್ಟಿಗೆ ಬಂದ್. ಬಳೆಯಂತೆ ಸುತ್ತು ಜೋಡಿಸಿದ್ದರೆ ಒಂದು ಕಡೆ ಕಡಿದಾಗ ಇನ್ನೊಂದು ಕಡೆಯಿಂದ ಬರುತ್ತಿತ್ತು. ಇದನ್ನು ನಾನು ಹೇಳುತ್ತಿಲ್ಲ, ಕೇಂದ್ರ ಸರ್ಕಾರವೇ ಒಪ್ಪಿಕೊಂಡಿದೆ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಸುತ್ತು ಜೋಡಣೆ ಬೇಕು, ಕೆಲಸ ಹಿಡಿದವರೇ 10 ವರ್ಷ ನಿರ್ವಹಣೆ ಮಾಡಬೇಕು ಎಂದು ಅದರಲ್ಲಿ ಸೇರಿಸಿದರು. ಅಂದರೆ 12 ವರ್ಷ ಕಳೆದ ಮೇಲೆ ಸರ್ಕಾರಕ್ಕೆ ನಿರ್ವಹಣೆ ಎಂಬ ಶಬ್ದ ನೆನಪಾಯಿತು!

ಇನ್ನು ಕಡಿದ ತಂತಿಯನ್ನು ಕೂಡಿಸುವವರು ಯಾರು? ಹಿಂದೆ ಸರ್ಕಾರಿ ಫೋನಿನ ಲೈನ್‌ಮನ್ ಇದ್ದ. ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅವನ ಹೆಸರು ಊರಿಗೇ ಗೊತ್ತಿತ್ತು. 2020ರ ಜನವರಿ 31ರಂದು ಒಂದೇ ದಿನ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ಅವರ ಜಾಗಕ್ಕೆ ಗುತ್ತಿಗೆದಾರರು ಬಂದರು. ಗುತ್ತಿಗೆದಾರ ಒಂದು ಊರಲ್ಲಿ, ಅವನ ಹುಡುಗರು ಇನ್ನೊಂದು ಊರಲ್ಲಿ, ಫೈಬರ್ ಕೂಡಿಸುವ ಯಂತ್ರ ಮತ್ತೊಂದು ಊರಲ್ಲಿ. ದೇವದುರ್ಗದ ಹಳ್ಳಿಯಲ್ಲಿ ಸೋಮವಾರ ಕಡಿದ ತಂತಿಗೆ ಯಾವ ವಾರ ಎಂದು ಹೇಳುವವರಿಲ್ಲ.

ಇಷ್ಟಾದರೂ ಲೆಕ್ಕದಲ್ಲಿ ಎಲ್ಲಾ ಚೆನ್ನಾಗಿದೆ. ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು 'ಸೇವೆಗೆ ಸಿದ್ಧ' ಎಂದು ಸರ್ಕಾರ ಹೇಳುತ್ತದೆ. ಕನ್ನಡ ಬಲ್ಲ ನಾವು ಈ ಮಾತನ್ನು ಬಿಡಿಸಿ ನೋಡಬೇಕು. 'ಸಿದ್ಧ' ಎಂದರೆ ನಡೆಯುತ್ತಿದೆ ಎಂದಲ್ಲ. ನನ್ನ ಅಂಗಡಿಯ ಯಂತ್ರವೂ ಅಚ್ಚು ಹಾಕಲು ಸಿದ್ಧವಾಗಿದೆ. ಮಸಿ ಇಲ್ಲ, ಕರೆಂಟಿಲ್ಲ, ಯಂತ್ರ ನಡೆಸುವ ಹುಡುಗ ಬಂದಿಲ್ಲ ಎಂದರೆ ಒಂದು ಹಾಳೆಯೂ ಹೊರಗೆ ಬರುವುದಿಲ್ಲ. ಹಾಗೆಂದು ಗಿರಾಕಿಗೆ 'ಸಿದ್ಧವಾಗಿದೆ' ಎಂದು ಬಿಲ್ ಕೊಡಲು ಬರುತ್ತದೆಯೇ?

ದೊಡ್ಡಿಗೆ ಎಷ್ಟು ದೂರ?

ತಂತಿ ಕಡಿಯಲಿಲ್ಲ ಎಂದೇ ಇಟ್ಟುಕೊಳ್ಳಿ. ವೈಫೈ ಎಷ್ಟು ದೂರ ಹೋಗುತ್ತದೆ? ತೆರೆದ ಬಯಲಲ್ಲಿ ನೂರು ಮೀಟರಿನ ಆಸುಪಾಸು. ಕಲ್ಲಿನ ಗೋಡೆ ಅಡ್ಡ ಬಂದರೆ ಅದರ ಅರ್ಧವೂ ಇಲ್ಲ. ಬೆಂಗಳೂರಿನಲ್ಲಿ ನೂರು ಮೀಟರಿನಲ್ಲಿ ಸಾವಿರ ಜನ ಓಡಾಡುತ್ತಾರೆ. ನಮ್ಮ ದೇವದುರ್ಗ ತಾಲೂಕಿನಲ್ಲಿ ಜನ ಎಲ್ಲಿದ್ದಾರೆ? ಊರು ಬಿಟ್ಟು ಹೊಲಗಳಲ್ಲಿ ಚದುರಿದ ದೊಡ್ಡಿಗಳಲ್ಲಿದ್ದಾರೆ, ತಾಂಡಾಗಳಲ್ಲಿದ್ದಾರೆ. ಮಾನ್ವಿ ಕಡೆ ತುಂಗಭದ್ರಾ ಕಾಲುವೆಯ ಗುಂಟ ಕ್ಯಾಂಪುಗಳಲ್ಲಿದ್ದಾರೆ. ಪಂಚಾಯಿತಿ ಕಚೇರಿ ಇರುವುದು ಒಂದು ಊರಲ್ಲಿ, ಅದರ ಕೆಳಗಿನ ಊರು, ದೊಡ್ಡಿಗಳು ಹತ್ತು ದಿಕ್ಕಿಗೆ. ಆ ಜನರಿಗೆ ಪಂಚಾಯಿತಿ ಗೋಡೆಯ ವೈಫೈ ಎಂದರೆ ಪಕ್ಕದೂರಿನ ಜಾತ್ರೆ ಇದ್ದಂತೆ. ಹೋಗಿ ಬರಲು ಒಂದು ಹೊತ್ತು ಬೇಕು.

ಹತ್ತಿರದಲ್ಲಿ ಇರುವವರಿಗಾದರೂ ಸಿಗುತ್ತದೆಯೇ? ಪಂಚಾಯಿತಿ ಕಟ್ಟೆಯ ಮೇಲೆ ಸಂಜೆ ಯಾರು ಕೂರುತ್ತಾರೆ ಎಂದು ನಿಮಗೆ ಗೊತ್ತು. ಗಂಡಸರು, ಹುಡುಗರು. ಪಿಯುಸಿ ಓದುವ ಹೆಣ್ಣುಮಗಳು ಅಲ್ಲಿ ಹೋಗಿ ಗೋಡೆಗೆ ಒರಗಿ ಪಾಠ ನೋಡಲು ಆದೀತೆ? ಡಬ್ಬಿಯನ್ನು ಎಲ್ಲಿ ಹಾಕಬೇಕು ಎಂದು ನಿರ್ಧರಿಸಿದವರು ಊರಿನ ಒಬ್ಬ ತಾಯಿಯನ್ನಾದರೂ ಕೇಳಿದ್ದರೆ ಇದು ಅವತ್ತೇ ಗೊತ್ತಾಗುತ್ತಿತ್ತು.

ಕರೆಂಟಿನ ಮಾತು ಹೇಳಲೇಬೇಕಿಲ್ಲ. 1985ರಿಂದ ನಮ್ಮ ಶಕ್ತಿನಗರದ ಸ್ಥಾವರ ಇಡೀ ರಾಜ್ಯಕ್ಕೆ ವಿದ್ಯುತ್ ಕೊಡುತ್ತಿದೆ. ಬೂದಿ ನಮ್ಮ ಹೊಲದ ಮೇಲೆ ಬೀಳುತ್ತದೆ. ವೈಫೈ ಡಬ್ಬಿಗೆ ಮಾತ್ರ ಕರೆಂಟ್ ಇಲ್ಲ! ಬ್ಯಾಟರಿ ಇಟ್ಟಿದ್ದಾರೆ ಅನ್ನುತ್ತಾರೆ. 43, 44 ಡಿಗ್ರಿ ಬಿಸಿಲಿನ ಊರಲ್ಲಿ, ಕಿಟಕಿ ಇಲ್ಲದ ಕೋಣೆಯಲ್ಲಿ ಇಟ್ಟ ಬ್ಯಾಟರಿ ಎಷ್ಟು ದಿನ ಬಾಳೀತು? ಸತ್ತರೆ ಹೊಸದು ಹಾಕಿಸುವ ಖರ್ಚು ಯಾವ ಲೆಕ್ಕದಲ್ಲಿ ಬರೆಯಬೇಕು ಎಂದು ಪಂಚಾಯಿತಿಗೆ ಹೇಳಿದವರಿಲ್ಲ.

ಬೀಗದ ಭಾಷೆ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ತಂತಿ ಇದೆ, ಕರೆಂಟ್ ಇದೆ, ಹುಡುಗ ಕಟ್ಟೆಯ ಮೇಲೆ ಕೂತ. ಫೋನಿನಲ್ಲಿ ವೈಫೈ ಒತ್ತಿದ. ಒಂದು ಪುಟ ತೆರೆಯಿತು. ಇಂಗ್ಲಿಷು. ಕೆಳಗೆ ಹಿಂದಿ. ಫೋನ್ ನಂಬರ್ ಹಾಕು, ಒಟಿಪಿ ಬರುತ್ತದೆ, ಷರತ್ತು ಒಪ್ಪಿಕೋ ಎಂದು ಅದರ ಅರ್ಥ. 2008ರಲ್ಲಿ ಭಯೋತ್ಪಾದಕರು ಬೀಗವಿಲ್ಲದ ವೈಫೈ ಬಳಸಿ ಇ-ಮೇಲ್ ಕಳಿಸಿದ ಮೇಲೆ, ವೈಫೈ ಬಳಸುವವರ ಗುರುತು ಹಿಡಿದೇ ಒಳಗೆ ಬಿಡಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲಿ ನಿಯಮ ಮಾಡಿತು. ನಿಯಮ ಸರಿಯೇ ಇರಬಹುದು. ಆದರೆ ಅದರ ತಮಾಷೆ ನೋಡಿ. ಒಟಿಪಿ ಬರಬೇಕಾದರೆ ಮೊಬೈಲ್ ಸಿಗ್ನಲ್ ಬೇಕು. ಸಿಗ್ನಲ್ ಸರಿಯಾಗಿಲ್ಲ ಎಂದೇ ಅಲ್ಲವೇ ವೈಫೈ ಹಾಕಿದ್ದು? ಬಾಗಿಲು ತೆರೆಯುವ ಕೀಲಿ ಒಳಮನೆಯಲ್ಲಿ ಇಟ್ಟಂತಾಯಿತು.

ಕೀಲಿ ಸಿಕ್ಕರೂ ಅದರ ಮೇಲಿನ ಅಕ್ಷರ ನಮ್ಮದಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ 60 ಕೂಡ ಮುಟ್ಟಿರಲಿಲ್ಲ. ಕನ್ನಡ ಓದುವುದನ್ನೇ ಕಷ್ಟಪಟ್ಟು ಕಲಿತ ಜನರ ಮುಂದೆ ಇಂಗ್ಲಿಷಿನ ಷರತ್ತುಪತ್ರ ಹಿಡಿದು 'ಒಪ್ಪಿದೆ' ಎಂದು ಒತ್ತಿಸಿಕೊಳ್ಳುವುದು ಮತ್ತು ಹಿಂದೆ ಸಾಹುಕಾರರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಎರಡಕ್ಕೂ ಏನು ವ್ಯತ್ಯಾಸ? ನೆಟ್ ಕೆಟ್ಟಿದೆ ಎಂದು ದೂರು ಕೊಡಲು ಫೋನ್ ಮಾಡಿದರೆ ಆ ಕಡೆಯ ದನಿ ಮೊದಲು ಹಿಂದಿಯಲ್ಲಿ ಮಾತಾಡುತ್ತದೆ. ನಮ್ಮ ಮುದುಕಪ್ಪ ಫೋನ್ ಇಟ್ಟುಬಿಡುತ್ತಾನೆ. ದೂರು ದಾಖಲಾಗುವುದಿಲ್ಲ. ದೂರು ಇಲ್ಲ ಎಂದರೆ ತೊಂದರೆಯೂ ಇಲ್ಲ ಎಂದು ಲೆಕ್ಕ!

ಹೆಸರುಗಳನ್ನಾದರೂ ನೋಡಿ. ಹಳ್ಳಿಯ ವೈಫೈಗೆ 'ವೈಫೈ ಚೌಪಾಲ್' ಎಂದು ಹೆಸರಿಟ್ಟರು. ಚೌಪಾಲ್ ಎಂದರೆ ಏನೆಂದು ಮಾನ್ವಿಯ ರೈತನನ್ನು ಕೇಳಿ. ನಮ್ಮಲ್ಲಿ ಕಟ್ಟೆ ಇಲ್ಲವೇ? ಚಾವಡಿ ಇಲ್ಲವೇ? ತನ್ನ ಹೆಸರೇ ಗೊತ್ತಿಲ್ಲದ ಯೋಜನೆಯನ್ನು ಜನ ತಮ್ಮದು ಎಂದು ಹೇಗೆ ಕಾಯುತ್ತಾರೆ?

ಕನ್ನಡದಲ್ಲಿ ಮಾಡಲು ತಾಂತ್ರಿಕ ತೊಂದರೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಅಕ್ಷರದ ಕೆಲಸ ಮಾಡುವವನು. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬ ಮಾತನ್ನು ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎಂದೋ ಸುಳ್ಳು ಮಾಡಿವೆ. ಜಗತ್ತಿನ ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಿಂದ ಇದೆ. ಒಂದು ಲಾಗಿನ್ ಪುಟವನ್ನು ಕನ್ನಡಕ್ಕೆ ತರುವುದು ನಮ್ಮ ಡಿಟಿಪಿ ಹುಡುಗರಿಗೆ ಒಂದು ಮಧ್ಯಾಹ್ನದ ಕೆಲಸ. ಅಲ್ಲಿ ಇಲ್ಲದಿರುವುದು ಮನಸ್ಸು.

ಎಸ್‌ಟಿಡಿ ಬೂತು ಯಾಕೆ ಗೆದ್ದಿತು?

ಸರ್ಕಾರದ ಯೋಜನೆ ಹಳ್ಳಿಯಲ್ಲಿ ಗೆಲ್ಲುವುದೇ ಇಲ್ಲವೇ? ಗೆದ್ದದ್ದೂ ಇದೆ. ನನ್ನ ವಯಸ್ಸಿನವರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ನೆನಪಿರಬೇಕು. 1990ರ ದಶಕದಲ್ಲಿ ದೇವದುರ್ಗದಲ್ಲೂ ಇತ್ತು, ಮಾನ್ವಿಯಲ್ಲೂ ಇತ್ತು. ಸರ್ಕಾರ ಲೈನು ಕೊಟ್ಟಿತು. ಬೂತನ್ನು ಊರಿನ ಒಬ್ಬ ನಿರುದ್ಯೋಗಿಗೋ, ಒಬ್ಬ ಅಂಗವಿಕಲರಿಗೋ ಕೊಟ್ಟಿತು. ಪ್ರತಿ ಕರೆಗೂ ಅವನಿಗೆ ಕಮಿಷನ್. ಫೋನ್ ಸತ್ತರೆ ಅವನ ಮನೆಯ ಒಲೆ ಹೊತ್ತುವುದಿಲ್ಲ. ಅದಕ್ಕೆ ಅವನೇ ಎಕ್ಸ್‌ಚೇಂಜಿಗೆ ಹೋಗಿ ಜಗಳ ಮಾಡಿ ಸರಿ ಮಾಡಿಸುತ್ತಿದ್ದ. ಗುಳೆ ಹೋದ ಮಗನಿಗೆ ಮಾತಾಡಬೇಕೆಂದು ಬಂದ ಮುದುಕಿಗೆ ಅವನೇ ನಂಬರ್ ಒತ್ತಿ, "ಮಾತಾಡಬೇ ಯವ್ವಾ" ಎಂದು ಕೈಗೆ ಕೊಡುತ್ತಿದ್ದ. ಯಂತ್ರ ಇಂಗ್ಲಿಷಿನದು, ಅದರ ಮುಂದೆ ಕೂತ ಮನುಷ್ಯ ಕನ್ನಡದವನು. ಬೂತು ಗೆದ್ದದ್ದು ಹೀಗೆ.

2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ-ವಾಣಿ ಯೋಜನೆ ಇದೇ ಬೂತಿನ ಮಾದರಿಯದು. ಕಿರಾಣಿ ಅಂಗಡಿಯವರು, ಚಹಾದಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಇಟ್ಟು ಐದು ಹತ್ತು ರೂಪಾಯಿಗೆ ನೆಟ್ ಮಾರಬಹುದು. ಆಲೋಚನೆ ಒಳ್ಳೆಯದು. ಹಾಗಾದರೆ ಯಾಕೆ ಹಬ್ಬಲಿಲ್ಲ? 2018ರ ರಾಷ್ಟ್ರೀಯ ನೀತಿಯಲ್ಲಿ 2022ರ ಹೊತ್ತಿಗೆ 1 ಕೋಟಿ ಸಾರ್ವಜನಿಕ ವೈಫೈ ತಾಣ ಎಂದು ಬರೆದಿದ್ದರು. ಆದದ್ದು ಕೆಲವೇ ಲಕ್ಷ. ಕಾರಣ, ಅಂಗಡಿಯವರ ಲೆಕ್ಕ ಕೂಡಲಿಲ್ಲ. ಮನೆಗೆ ಕೊಡುವ ನೆಟ್ಟಿಗೆ ಒಂದು ದರ, ಇದೇ ನೆಟ್ಟನ್ನು ಅಂಗಡಿಯವರು ಮಾರಬೇಕಾದರೆ ಅದರ ಹಲವು ಪಟ್ಟು ದರ ಎಂದು ಕಂಪನಿಗಳು ಕೂತವು. ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶ ಮಾಡುವಾಗ 2025ರ ಜೂನ್ ಬಂದಿತ್ತು. ಅಷ್ಟರಲ್ಲಿ ಆಸೆಪಟ್ಟು ಇಟ್ಟವರು ಎಷ್ಟು ಮಂದಿ ಬಾಗಿಲು ಹಾಕಿಕೊಂಡರೋ!

ಇನ್ನೊಂದು ಕಾರಣವೂ ಇದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಮೊಬೈಲ್ ಡೇಟಾ ಅಗ್ಗವಾಯಿತು. ಕೈಯಲ್ಲೇ ನೆಟ್ ಇರುವಾಗ ಕಟ್ಟೆಗೆ ಯಾರು ಹೋಗುತ್ತಾರೆ? ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಜೊತೆ 2016ರಿಂದ ವೈಫೈ ಕೊಟ್ಟ ಗೂಗಲ್ ಕಂಪನಿಯೇ, ಡೇಟಾ ಅಗ್ಗವಾಗಿದೆ ಎಂದು 2020ರಲ್ಲಿ ಹಿಂದೆ ಸರಿಯಿತು. ಆದರೂ ರೈಲ್‌ಟೆಲ್ ನಿಲ್ದಾಣಗಳ ವೈಫೈಯನ್ನು ಮುಂದುವರಿಸಿತು. ಅದರಿಂದ ಹೇಗಾಯಿತು? ಹಳಿಯ ಪಕ್ಕದ ತಂತಿಯನ್ನು ರೈಲ್ವೆಯವರ ಅಪ್ಪಣೆ ಇಲ್ಲದೆ ಯಾರೂ ಅಗೆಯುವುದಿಲ್ಲ. ನಿಲ್ದಾಣಕ್ಕೆ ಹಗಲೂ ರಾತ್ರಿ ಕರೆಂಟ್ ಇದೆ. ಕಾಯುವ ಜನ ಇದ್ದಾರೆ, ನೋಡಿಕೊಳ್ಳುವ ಸಿಬ್ಬಂದಿ ಇದ್ದಾರೆ. ರೈಲೇ ಕಾಣದ ದೇವದುರ್ಗದ ಪಂಚಾಯಿತಿ ಕಟ್ಟೆಗೆ ಈ ನಾಲ್ಕರಲ್ಲಿ ಒಂದನ್ನೂ ಕೊಡದೆ, ಹಳ್ಳಿಯವರಿಗೆ ಬಳಸಲು ಬರುವುದಿಲ್ಲ ಎಂದು ಷರಾ ಬರೆಯುತ್ತಾರೆ.

ಸೋತದ್ದು ನಾವು ಮಾತ್ರ ಎಂದು ಕುಗ್ಗಬೇಡಿ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 2014ರ ಜನವರಿಯಲ್ಲಿ ಸಂಭ್ರಮದಿಂದ ಶುರುವಾದ ನಮ್ಮ ವೈಫೈ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅಮೆರಿಕದ ಫಿಲಡೆಲ್ಫಿಯಾ ನಗರ ಇಡೀ ಊರಿಗೆ ವೈಫೈ ಹಾಕುತ್ತೇವೆ ಎಂದು 2004ರಲ್ಲಿ ಸಾರಿತು. ಕೆಲಸ ಹಿಡಿದ ಅರ್ಥ್‌ಲಿಂಕ್ ಕಂಪನಿ 2008ರಲ್ಲಿ ಕೈ ಎತ್ತಿತು. ಆದರೆ ಬೆಂಗಳೂರಿಗೆ ನಷ್ಟವಿಲ್ಲ, ಅಲ್ಲಿ ಹತ್ತು ಬೇರೆ ದಾರಿ ಇವೆ. ನಮಗೆ ಇದೊಂದೇ ದಾರಿ.

ಗೆದ್ದವರನ್ನೂ ನೋಡೋಣ. ಸ್ಪೇನ್ ದೇಶದ ಕಟಲೋನಿಯಾದಲ್ಲಿ ಕಟಲಾನ್ ಭಾಷೆಯ ಜನ ಇದ್ದಾರೆ. ನಮ್ಮಂತೆ ಭಾಷೆಗಾಗಿ ಬಹಳ ಕಷ್ಟ ಕಂಡವರು. ಅಲ್ಲಿನ ಓಸೋನಾ ಎಂಬ ರೈತರ ಸೀಮೆಗೆ ಫೋನ್ ಕಂಪನಿ ಸರಿಯಾದ ನೆಟ್ ಕೊಡಲಿಲ್ಲ. 2004ರಲ್ಲಿ ಊರವರೇ ಸೇರಿ ಮನೆ ಮೇಲೆ ಆಂಟೆನಾ ಕಟ್ಟಿಕೊಂಡು, ಮನೆಯಿಂದ ಮನೆಗೆ ನೆಟ್ ದಾಟಿಸಿದರು. ಗೀಫಿ ಎಂದು ಅದರ ಹೆಸರು. ಇವತ್ತು ಅದಕ್ಕೆ 30 ಸಾವಿರಕ್ಕೂ ಹೆಚ್ಚು ಕೊಂಡಿಗಳಿವೆ. ನಮ್ಮದೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಹಳ್ಳಿಗರ ಜೊತೆ ಸೇರಿ ಇಂಥದೇ ಸಣ್ಣ ಜಾಲ ಕಟ್ಟಿ ನೋಡಿದೆ. ಕಾಯುವವರು ಊರಿನವರೇ ಆದರೆ ಹಳ್ಳಿಯಲ್ಲೂ ನಡೆಯುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಮೊಬೈಲ್ ಇದೆಯಲ್ಲ ಎನ್ನುವವರಿಗೆ

ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇನ್ನು ವೈಫೈ ಯಾಕೆ ಎಂದು ರಾಯಚೂರು ನಗರದ ಮಿತ್ರರು ಕೇಳುತ್ತಾರೆ. ಅವರಿಗೆ ಮೂರು ಮಾತು.

ಒಂದು, ದರ. ಜಿಯೋ ಬಂದಾಗ ಅಗ್ಗವಾದ ಡೇಟಾ ಹಾಗೆಯೇ ಉಳಿಯಲಿಲ್ಲ. 2019, 2021, 2024 ಮೂರು ಸಲ ಕಂಪನಿಗಳು ದರ ಏರಿಸಿದವು. ಮನೆಗೆ ಒಂದೇ ಫೋನು, ಅದಕ್ಕೆ ತಿಂಗಳ ರೀಚಾರ್ಜು, ಓದುವ ಮಕ್ಕಳು ಮೂರು. ಲೆಕ್ಕ ನೀವೇ ಹಾಕಿ.

ಎರಡು, ಹಕ್ಕು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೋ ತೆಗೆದು ನೆಟ್ಟಿನಲ್ಲಿ ಏರಿಸಬೇಕೆಂದು ಕಡ್ಡಾಯ ಮಾಡಿದರು. ಬಿಸಿಲಲ್ಲಿ ಮಣ್ಣು ಹೊತ್ತವಳ ಕೂಲಿ ಸಿಗ್ನಲ್ ಮೇಲೆ ನಿಂತಿತು. ಅದೇ ವರ್ಷ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ತಾಯಂದಿರು ಸರ್ವರ್ ಬರಲಿ ಎಂದು ಸೇವಾ ಕೇಂದ್ರಗಳ ಮುಂದೆ ಕಾದು ಕೂತದ್ದನ್ನು ಯಾರು ನೋಡಿಲ್ಲ? ಸರ್ಕಾರ ಕಡ್ಡಾಯ ಮಾಡುತ್ತದೆ ಎಂದಾದರೆ ಸೌಕರ್ಯ ಕೊಡುವುದೂ ಸರ್ಕಾರಕ್ಕೆ ಕಡ್ಡಾಯ ಆಗಬೇಕು.

ಮೂರು, ಮಕ್ಕಳು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಟ್ಟಣದ ಮಕ್ಕಳು ಮನೆಯಲ್ಲಿ ಕೂತು ಪಾಠ ಕೇಳಿದರು. ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಇಲ್ಲವೇ ಹತ್ತಿ ಬಿಡಿಸಲು ಹೋದರು. ಹಾಗೆ ಹೋದವರು ಎಲ್ಲರೂ ಶಾಲೆಗೆ ಮರಳಲಿಲ್ಲ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದಾರೆ, ಮಗು ಅಜ್ಜಿಯ ಹತ್ತಿರ ದೊಡ್ಡಿಯಲ್ಲಿದೆ. ರಾತ್ರಿ ಅಮ್ಮನ ಮುಖ ಫೋನಿನಲ್ಲಿ ನೋಡಬೇಕೆಂದರೂ ನೆಟ್ ಬೇಕು. ಇದನ್ನು ಐಷಾರಾಮ ಎಂದು ಯಾರು ಹೇಳುತ್ತಾರೋ ಅವರು ಒಂದು ರಾತ್ರಿ ಆ ದೊಡ್ಡಿಯಲ್ಲಿ ಕಳೆದು ಬರಲಿ.

ನಮ್ಮ ಬೇಡಿಕೆಗಳು

ಬೈದು ಮನೆಗೆ ಹೋದರೆ ಸಾಲದು. ಈ ಸಭೆಯಿಂದ ಐದು ಬೇಡಿಕೆ ಹೋಗಲಿ ಎಂದು ನನ್ನ ವಿನಂತಿ.

1. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಸ್ಥಳೀಯ ಯುವಕ ಅಥವಾ ಯುವತಿಯನ್ನು ವೈಫೈ ಮತ್ತು ತಂತಿ ನೋಡಿಕೊಳ್ಳಲು ಸಂಬಳ ಕೊಟ್ಟು ನೇಮಿಸಬೇಕು. ತಂತಿ ಕೂಡಿಸುವ ತರಬೇತಿ ರಾಯಚೂರಿನಲ್ಲೇ, ಕನ್ನಡದಲ್ಲೇ ಆಗಬೇಕು. 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆಂದೇ ಹಣ ಬರುತ್ತಿದೆ. ಕಟ್ಟಡಕ್ಕೆ, ರಸ್ತೆಗೆ ಕೊಡುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೂ ಕೊಡಲಿ. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕು ಎಂದು ಬರೆದಿದೆ. ಶುರು ಅಲ್ಲಿಂದಲೇ ಆಗಲಿ.

2. ಡಬ್ಬಿಯನ್ನು ಪಂಚಾಯಿತಿ ಗೋಡೆಯಿಂದ ಇಳಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹಾಕಬೇಕು. ಅಲ್ಲಿ ಮೇಲ್ವಿಚಾರಕರಿದ್ದಾರೆ, ಪುಸ್ತಕ ಇದೆ, ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಬಹುದು. ದೊಡ್ಡ ದೊಡ್ಡಿ, ತಾಂಡಾ, ಕ್ಯಾಂಪುಗಳ ಶಾಲೆಗೂ ಒಂದೊಂದು ಕೊಂಡಿ ಬೇಕು.

3. ಲಾಗಿನ್ ಪುಟ, ಒಟಿಪಿ ಸಂದೇಶ, ಷರತ್ತು, ದೂರಿನ ದನಿ ಎಲ್ಲವೂ ಮೊದಲು ಕನ್ನಡದಲ್ಲಿ ಇರಬೇಕು. ಸಿಗ್ನಲ್ ಇಲ್ಲದ ಕಡೆ ಒಟಿಪಿ ಬದಲು ಗ್ರಂಥಾಲಯದ ಮೇಲ್ವಿಚಾರಕರು ಗುರುತಿನ ಚೀಟಿ ನೋಡಿ ಕೂಪನ್ ಕೊಡುವಂತಾಗಬೇಕು.

4. ಯಾವ ಇಲಾಖೆ ಅಗೆದರೂ ಮೊದಲು ಪಂಚಾಯಿತಿಗೆ ತಿಳಿಸಬೇಕು. ತಂತಿ ಕಡಿದವರೇ ಖರ್ಚು ಕೊಡಬೇಕು.

5. ವೈಫೈ ತಿಂಗಳಲ್ಲಿ ಎಷ್ಟು ದಿನ ನಡೆಯಿತು ಎಂದು ಪಂಚಾಯಿತಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಬೇಕು. 'ಸಿದ್ಧ' ಎಂಬ ಲೆಕ್ಕ ಬೇಡ, 'ನಡೆಯಿತು' ಎಂಬ ಲೆಕ್ಕ ಬೇಕು. ಗುತ್ತಿಗೆದಾರರ ಬಿಲ್ ಅದರ ಮೇಲೆಯೇ ಪಾಸಾಗಬೇಕು.

ನಾಳೆಯಿಂದ ನಾವು ಮಾಡಬೇಕಾದದ್ದು

ಬೇಡಿಕೆ ಸರ್ಕಾರಕ್ಕೆ. ಕೆಲಸ ನಮಗೆ. ಮುಂದಿನ ಗ್ರಾಮಸಭೆಗೆ ಪ್ರತಿಯೊಬ್ಬ ಕಾರ್ಯಕರ್ತನೂ ಹೋಗಿ ನಾಲ್ಕು ಪ್ರಶ್ನೆ ಕೇಳಲಿ. ನಮ್ಮ ಪಂಚಾಯಿತಿಗೆ ತಂತಿ ಯಾವತ್ತು ಬಂತು? ಕಳೆದ ವರ್ಷ ಎಷ್ಟು ದಿನ ನಡೆಯಿತು? ಕೆಟ್ಟಾಗ ಯಾರಿಗೆ ಹೇಳಬೇಕು, ಅವರ ಹೆಸರು, ನಂಬರ್ ಏನು? ಇದುವರೆಗೆ ಎಷ್ಟು ಹಣ ಖರ್ಚಾಯಿತು? ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 2005ರ ಆ ಕಾಯ್ದೆಯ 6ನೇ ಕಲಮಿನಲ್ಲೇ, ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಕೊಡಬಹುದು ಎಂದಿದೆ. ಅದರಿಂದ ಕೇಂದ್ರದ ಇಲಾಖೆಗೆ ಕೊಟ್ಟರೂ ಕನ್ನಡದಲ್ಲೇ ಕೊಡಿ. ಇಂಗ್ಲಿಷಿನಲ್ಲಿ ಬರೆದುಕೊಂಡು ಬಾ ಎಂದು ವಾಪಸು ಕಳಿಸಿದರೆ ಆ ಕಾಗದವನ್ನು ಈ ಪತ್ರಿಕೆಗೆ ಕಳಿಸಿ, ನಾವೆಲ್ಲಾ ಸೇರಿ ನೋಡಿಕೊಳ್ಳೋಣ.

ಅರ್ಜಿ ಬರೆಯಲು ಬಾರದವರು ಹಿಂಜರಿಯಬೇಕಿಲ್ಲ. ನಾಲ್ಕು ಪ್ರಶ್ನೆಯ ಅರ್ಜಿಯ ನಮೂನೆಯನ್ನು ನಾನು ಅಚ್ಚು ಹಾಕಿಕೊಡುತ್ತೇನೆ. ಊರಿನ ಹೆಸರು ತುಂಬಿ ಸಹಿ ಮಾಡಿದರೆ ಸಾಕು. ಕಾಗದ, ಮಸಿ ಎರಡೂ ನನ್ನ ಲೆಕ್ಕ. ದೇವದುರ್ಗಕ್ಕೆ ಎಷ್ಟು, ಮಾನ್ವಿಗೆ ಎಷ್ಟು ಬೇಕು ಎಂದು ಇವತ್ತು ಸಭೆ ಮುಗಿಯುವುದರೊಳಗೆ ಬರೆಸಿ ಹೋಗಿ. ಬರುವ ಸೋಮವಾರ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಜೈ ಕರ್ನಾಟಕ! ಸಿರಿಗನ್ನಡಂ ಗೆಲ್ಗೆ!